ಶೆಡ್ಡುಗಳಿಗೆ ನೀರು ನುಗ್ಗುವ ಮೊದಲೇ ಮನೆಪಟ್ಟಿ: ಯಾರು ಬರೆಯಬೇಕು, ಯಾರ ಬಳಿ ಇರಬೇಕು?

ಮುನ್ನೇಕೊಳಾಲ ನಿವಾಸಿ (ಚರ್ಚೆ ಆರಂಭಿಸಿದವರು)

2022ರ ಸೆಪ್ಟೆಂಬರ್ 4ರ ರಾತ್ರಿಯ ಮಳೆಯನ್ನು ಬೆಂಗಳೂರಿನ ಪೂರ್ವಭಾಗದವರು ಮರೆತಿರಲಾರರು. ಮರುದಿನ ಬೆಳಿಗ್ಗೆ ಎಂಟೂವರೆಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಗಿತ್ತು. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆಯಿಂದ, ಯಮಲೂರಿನ ವಿಲ್ಲಾಗಳಿಂದ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರತಂದ ದೃಶ್ಯಗಳನ್ನು ದೇಶವೆಲ್ಲ ನೋಡಿತು. ಆ ಹೊತ್ತಿಗೇ ಮುನ್ನೇಕೊಳಾಲದ ಸುತ್ತಮುತ್ತ ತಗಡಿನ ಶೆಡ್ಡುಗಳಲ್ಲಿ, ನೀಲಿ ಟಾರ್ಪಾಲಿನ ಜೋಪಡಿಗಳಲ್ಲಿ ಬದುಕುವ ಕುಟುಂಬಗಳೂ ನೀರಿನಲ್ಲಿದ್ದವು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದ ಕಟ್ಟಡ ಕಾರ್ಮಿಕರು, ಪಶ್ಚಿಮ ಬಂಗಾಳ ಮತ್ತು ಅಸ್ಸಾಮಿನಿಂದ ಬಂದು ಕಸ ವಿಂಗಡಿಸುವವರು, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಇಲ್ಲಿ ವಾಸಿಸುತ್ತಾರೆ. ಇವರ ಶೆಡ್ಡುಗಳಿರುವುದು ಸಾಮಾನ್ಯವಾಗಿ ಬಡಾವಣೆಯ ಅತ್ಯಂತ ತಗ್ಗಿನ ಖಾಲಿ ಜಾಗದಲ್ಲಿ. ಬೇರೆಯವರು ಮನೆ ಕಟ್ಟಲು ಹಿಂಜರಿಯುವ ಜಾಗವೇ ಇವರಿಗೆ ಬಾಡಿಗೆಗೆ ಸಿಗುವ ಜಾಗ.

ಅಂದಿನಿಂದ ಈ ಕಡೆಯ ನೆರವಿನ ಕೆಲಸವನ್ನು ಹತ್ತಿರದಿಂದ ಕಂಡವಳಾಗಿ ಒಂದು ಮಾತನ್ನು ಚರ್ಚೆಗೆ ಇಡುತ್ತಿದ್ದೇನೆ. ಮೊದಲ ಎರಡು ದಿನ ಊಟಕ್ಕಾಗಲಿ, ಕೊಡುವ ಕೈಗಳಿಗಾಗಲಿ ಕೊರತೆ ಇರುವುದಿಲ್ಲ. ಒಮ್ಮೊಮ್ಮೆ ಒಂದೇ ಸಾಲಿಗೆ ಮೂರು ಕಡೆಯಿಂದ ಪುಳಿಯೋಗರೆ ಬಂದು, ಅದರ ಹಿಂದಿನ ಸಾಲಿಗೆ ಏನೂ ತಲುಪಿರುವುದಿಲ್ಲ. ಇಲ್ಲಿ ಎಷ್ಟು ಮನೆಗಳಿವೆ, ಯಾವ ಮನೆಯಲ್ಲಿ ಹಸುಗೂಸಿದೆ, ಯಾರು ತುಂಬು ಗರ್ಭಿಣಿ, ಯಾವ ಮಗು ಯಾವ ಶಾಲೆಗೆ ಹೋಗುತ್ತಿತ್ತು ಎಂದು ಹೇಳಬಲ್ಲ ಒಂದು ಕಾಗದ ಮಾತ್ರ ಇರುವುದಿಲ್ಲ. ಪರಿಹಾರದ ಸರದಿ ಬಂದಾಗ ಅಧಿಕಾರಿಗಳು ಕೇಳುವುದೂ ಅದನ್ನೇ. ನೀರು ಇಳಿದ ಮೇಲೆ ಬರೆಯಲು ಕುಳಿತರೆ ಅರ್ಧ ಜನ ಊರಿಗೆ ಹೋಗಿರುತ್ತಾರೆ, ಉಳಿದವರು ಕೂಲಿಗೆ ಹೋಗಿರುತ್ತಾರೆ, ಪಟ್ಟಿಗೆ ಬರುವ ಹೆಸರುಗಳನ್ನು ಮೇಸ್ತ್ರಿಯೋ ಜಾಗದ ಮಾಲೀಕರ ಕಡೆಯವರೋ ಹೇಳುತ್ತಾರೆ.

ಆದ್ದರಿಂದ ಮುಂಗಾರಿಗೆ ಮೊದಲೇ, ಶೆಡ್ಡುಗಳ ಜನರೇ ಸೇರಿ, ತಮ್ಮ ಮನೆಗಳ ಪಟ್ಟಿಯನ್ನು ತಾವೇ ಬರೆದಿಟ್ಟುಕೊಳ್ಳುವಂತೆ ನೆರವಾಗಬೇಕು ಎಂಬುದು ನನ್ನ ಅಭಿಪ್ರಾಯ. ಈ ಕೆಲಸದಲ್ಲಿ ಅನುಭವ ಇರುವವರು, ಇದನ್ನು ಒಪ್ಪದವರು, ಇಬ್ಬರೂ ಬರೆಯಬೇಕೆಂದು ಕೋರುತ್ತೇನೆ.

ನಿವೃತ್ತ ಕಂದಾಯ ನೌಕರ

ಮೇಡಂ, ತಮ್ಮ ಉದ್ದೇಶ ಒಳ್ಳೆಯದು. ಕಚೇರಿಯ ಕಡೆಯಿಂದ ಈ ವಿಷಯ ಹೇಗೆ ಕಾಣುತ್ತದೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ.

ಪರಿಹಾರದ ಹಣ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡಗಳ ಪ್ರಕಾರ. ಬಟ್ಟೆಬರೆ ಮತ್ತು ಪಾತ್ರೆಪಗಡೆ ಕಳೆದುಕೊಂಡ ಕುಟುಂಬಕ್ಕೆ ಮೊದಲು 1,800 ಮತ್ತು 2,000, ಒಟ್ಟು 3,800 ರೂಪಾಯಿ ಇತ್ತು. 2019ರ ಮಹಾಪ್ರವಾಹದಲ್ಲಿ ರಾಜ್ಯ ಸರ್ಕಾರ ತನ್ನ ಪಾಲಿನ 6,200 ಸೇರಿಸಿ ಅದನ್ನು 10,000 ಮಾಡಿತು. 2022-26ರ ಅವಧಿಯ ಕೇಂದ್ರ ಮಾನದಂಡದಲ್ಲಿ ಈ ಎರಡು ಬಾಬತ್ತುಗಳು ತಲಾ 2,500 ಆದವು. ಆದರೆ ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಹಾನಿಯಾಗಿರಬೇಕು ಅಥವಾ ಎರಡು ದಿನಕ್ಕಿಂತ ಹೆಚ್ಚು ಕಾಲ ಜಲಾವೃತವಾಗಿರಬೇಕು ಎಂಬ ಷರತ್ತನ್ನು ಅಕ್ಷರಶಃ ಓದುವವರ ಕೈಗೆ ಸಿಕ್ಕರೆ ಶೆಡ್ಡಿನ ಬಡವನಿಗೆ ಕಷ್ಟ. ಕಾಂಕ್ರೀಟ್ ಮನೆಯಲ್ಲಿ ಎರಡು ದಿನ ನಿಂತ ನೀರು ಮಾಡುವ ಹಾನಿಯನ್ನು ಮಣ್ಣಿನ ನೆಲದ ಶೆಡ್ಡಿನಲ್ಲಿ ಆರು ಗಂಟೆಯ ನೀರು ಮಾಡಿ ಮುಗಿಸುತ್ತದೆ. ನೀರು ಮರುದಿನವೇ ಇಳಿಯಿತು ಎಂಬ ಕಾರಣಕ್ಕೆ ಕಡತ ಅಲ್ಲಿಗೇ ನಿಲ್ಲಬಹುದು.

ಇನ್ನೊಂದು ಬಾಬತ್ತನ್ನು ಸ್ವಯಂಸೇವಕರು ಬಹುಪಾಲು ಗಮನಿಸುವುದೇ ಇಲ್ಲ. ಹಾನಿಗೊಂಡ ಗುಡಿಸಲಿಗೆ ಪ್ರತ್ಯೇಕ ಪರಿಹಾರವಿದೆ: ಮೊದಲು 4,100, ಆಮೇಲೆ 8,000 ರೂಪಾಯಿ. ಹುಲ್ಲು, ಮಣ್ಣು, ಪ್ಲಾಸ್ಟಿಕ್ ಹಾಳೆ ಇತ್ಯಾದಿಗಳಿಂದ ಕಟ್ಟಿಕೊಂಡ ತಾತ್ಕಾಲಿಕ ವಾಸಸ್ಥಾನ ಎಂದೇ ಅಲ್ಲಿ ವಿವರಣೆಯಿದೆ. ಅಂದರೆ ಟಾರ್ಪಾಲಿನ ಜೋಪಡಿ ಮಾನದಂಡದ ಹೊರಗಿನದ್ದಲ್ಲ. ಆದರೆ ಅದನ್ನು ಗುಡಿಸಲೆಂದು ರಾಜ್ಯದ ಅಥವಾ ಜಿಲ್ಲೆಯ ಆಡಳಿತ ಗುರುತಿಸಿರಬೇಕು ಎಂಬ ಮಾತೂ ಜೊತೆಗಿದೆ. ಎಲ್ಲ ತೊಡಕೂ ಆ ಗುರುತಿಸುವಿಕೆಯಲ್ಲೇ ಇದೆ.

ಜನರು ಬರೆದ ಪಟ್ಟಿಗೆ ಕಾನೂನಿನ ಬಲವಿಲ್ಲ. ಬಲ ಇರುವುದು ಸ್ಥಳ ಮಹಜರಿಗೆ, ಅಂದರೆ ನೌಕರ ಜಾಗಕ್ಕೇ ಬಂದು ಕಣ್ಣಾರೆ ನೋಡಿ ಬರೆಯುವ ವರದಿಗೆ. ಆದರೂ ಮಹಜರಿಗೆ ಬರುವ ನೌಕರ ಒಬ್ಬನೇ ಬರುತ್ತಾನೆ, ಸಂಜೆಯೊಳಗೆ ಮುಗಿಸಬೇಕಾಗಿರುತ್ತದೆ. ಸಾಲುಸಾಲಾಗಿ ಶೆಡ್ಡಿನ ಸಂಖ್ಯೆ, ಕುಟುಂಬದ ಯಜಮಾನಿಯ ಹೆಸರು, ಜನರ ಸಂಖ್ಯೆ, ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗುರುತು, ದಿನಾಂಕ ಮೂಡಿದ ಛಾಯಾಚಿತ್ರ, ಅಕ್ಕಪಕ್ಕದ ಇಬ್ಬರ ಸಹಿ ಇರುವ ಹಾಳೆಯನ್ನು ಕೈಗಿತ್ತರೆ ಆತ ಅದನ್ನೇ ಆಧಾರವಾಗಿ ಬಳಸುತ್ತಾನೆ. ನಾನೂ ಸೇವೆಯಲ್ಲಿದ್ದಾಗ ಹಾಗೆಯೇ ಮಾಡುತ್ತಿದ್ದೆ.

ಗಾರೆ ಕೆಲಸದವ, ಯಾದಗಿರಿ ಜಿಲ್ಲೆ

ಅಕ್ಕಾ, ಸರ್, ಇಬ್ಬರಿಗೂ ನಮಸ್ಕಾರ. ನೀವಿಬ್ಬರೂ ಪಟ್ಟಿಯ ಲಾಭ ಹೇಳಿದ್ದೀರಿ. ಶೆಡ್ಡಿನಲ್ಲಿ ಇರುವವರು ಪಟ್ಟಿ ಎಂದರೆ ಯಾಕೆ ಹಿಂದೆ ಸರಿಯುತ್ತಾರೆ ಎಂಬುದನ್ನು ನಾನು ಹೇಳುತ್ತೇನೆ.

2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಕಡೆ ಶೆಡ್ಡುಗಳನ್ನು ಕೆಡವಿದರು. ಅಲ್ಲಿ ಇರುವವರು ಅಕ್ರಮ ಬಾಂಗ್ಲಾದೇಶಿಗಳು ಎಂಬ ಮಾತು ಮೊದಲು ಹಬ್ಬಿತು, ಆಮೇಲೆ ಯಂತ್ರ ಬಂತು. ಮನೆ ಕಳೆದುಕೊಂಡವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಕಿಸೆಯಲ್ಲಿ ಗುರುತಿನ ಚೀಟಿ ಇದ್ದವರ ಮನೆಯೂ ಉಳಿಯಲಿಲ್ಲ. ವಿಷಯ ಹೈಕೋರ್ಟಿಗೆ ಹೋಗಿ ತಡೆ ಸಿಕ್ಕಿತು, ಆದರೆ ಮುರಿದ ತಗಡು ಮತ್ತೆ ಜೋಡಿಸಿಕೊಂಡದ್ದು ನಾವೇ. ಅಂದಿನಿಂದ ಯಾರಾದರೂ ವಹಿ ಹಿಡಿದು ಬಂದು ಹೆಸರು, ಊರು, ಆಧಾರ್ ಸಂಖ್ಯೆ ಕೇಳಿದರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಾರೆ. ಬಂಗಾಳದ ಕಡೆಯವರ ಹೆದರಿಕೆಯಂತೂ ನಮಗಿಂತ ಹತ್ತುಪಟ್ಟು.

ಎರಡನೆಯದು ಜಾಗದ ಮಾಲೀಕರ ಮಾತು. ಶೆಡ್ಡಿಗೆ ತಿಂಗಳಿಗೆ ಇಷ್ಟು ಎಂದು ನಾವು ಬಾಡಿಗೆ ಕೊಡುತ್ತೇವೆ, ಅದಕ್ಕೆ ರಸೀದಿ ಇಲ್ಲ. ಕರೆಂಟಿಗೆ ಬೇರೆ, ನೀರಿನ ಟ್ಯಾಂಕರಿಗೆ ಬೇರೆ ಕೊಡುತ್ತೇವೆ. ಅಧಿಕಾರಿಗಳು ಬಂದು ಲೆಕ್ಕ ಬರೆದರೆ ಈ ಜಾಗದಲ್ಲಿ ಇಷ್ಟು ಮನೆ ಇದೆ ಎಂಬುದು ದಾಖಲಾಗುತ್ತದೆ, ಅದು ಅವರಿಗೆ ಬೇಡ. ನೀರು ಬಂದಾಗ ಪರಿಹಾರ ಕೇಳಲು ಹೋದವನಿಗೆ ಬೇರೆ ಜಾಗ ನೋಡಿಕೋ ಎಂದು ಹೇಳುವುದು ಹೊಸದೇನಲ್ಲ. ಹತ್ತು ಸಾವಿರದ ಆಸೆಗೆ ಇರುವ ನೆಲೆ ಕಳೆದುಕೊಳ್ಳಲು ಯಾರು ಒಪ್ಪುತ್ತಾರೆ?

ಮೂರನೆಯದು, ನಮ್ಮ ರೇಷನ್ ಕಾರ್ಡು, ಆಧಾರ್ ಎಲ್ಲವೂ ಊರಿನ ವಿಳಾಸದಲ್ಲಿವೆ. ಊರಿನಲ್ಲೇನು ಕಡಿಮೆಯೇ? 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಕೃಷ್ಣೆಗೆ ನೀರು ಬಿಟ್ಟಾಗ, ಮರುವರ್ಷ ಅಕ್ಟೋಬರಿನಲ್ಲಿ ಭೀಮೆ ತುಂಬಿ ಬಂದಾಗ, ನಮ್ಮ ಜಿಲ್ಲೆಯ ನದಿದಂಡೆಯ ಊರುಗಳು ಮುಳುಗಿದವು. ಬೆಳೆ ಹೋಯಿತೆಂದು ಇಲ್ಲಿಗೆ ಬಂದವರನ್ನು ಇಲ್ಲಿಯೂ ನೀರು ಹಿಡಿಯಿತು. ನಮ್ಮ ಪಕ್ಕದ ಶೆಡ್ಡಿನವರು ಪರಿಹಾರಕ್ಕೆ ಅರ್ಜಿ ಕೊಟ್ಟಾಗ ನಿಮ್ಮ ಮನೆ ಇರುವುದು ಊರಿನಲ್ಲಿ, ಅಲ್ಲಿಯೇ ಕೇಳಿ ಎಂಬ ಉತ್ತರ ಬಂತು. ಊರಿನಲ್ಲಿ ಕೇಳಿದರೆ ಆ ವರ್ಷ ಅಲ್ಲಿ ನೀರೇ ಬಂದಿರಲಿಲ್ಲ.

ಪಟ್ಟಿ ಬೇಡ ಎನ್ನುತ್ತಿಲ್ಲ. ಅದು ಯಾರ ಕೈಯಲ್ಲಿ ಇರುತ್ತದೆ ಎಂದು ಮೊದಲು ಹೇಳಿ, ಆಮೇಲೆ ಬರೆಯೋಣ.

ಮುಂಬೈ ಕನ್ನಡಿಗ

ಈ ಪ್ರಶ್ನೆ ಹೊಸದಲ್ಲ. ನಾನಿರುವ ಮುಂಬೈಯಲ್ಲಿ ಇದಕ್ಕೆ ಎರಡು ಹಳೆಯ ಉದಾಹರಣೆಗಳಿವೆ.

ಒಂದನೆಯದು 1976ರಲ್ಲಿ ಸರ್ಕಾರವೇ ಮಾಡಿದ ಕೊಳಗೇರಿ ಗಣತಿ. ಅದರಲ್ಲಿ ಸೇರಿದವರಿಗೆ ಗುರುತಿನ ಪತ್ರ ಸಿಕ್ಕಿತು. ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪು ಕೊಟ್ಟಾಗ, ಆ ಪತ್ರ ಇದ್ದವರಿಗೆ ಬದಲಿ ಜಾಗದ ಮಾತು ಬಂತು; ಇಲ್ಲದವರಿಗೆ ಅಂಥ ಭರವಸೆ ಇರಲಿಲ್ಲ. ಎರಡನೆಯದು ಅದೇ 1985ರಲ್ಲಿ, ತೆರವಿನ ಭಯ ಕವಿದಿದ್ದ ದಿನಗಳಲ್ಲಿ, ಸ್ಪಾರ್ಕ್ ಎಂಬ ಸಂಸ್ಥೆ ಪಾದಚಾರಿ ಮಾರ್ಗದ ನಿವಾಸಿಗಳ ಜೊತೆ ಸೇರಿ ನಡೆಸಿದ ಎಣಿಕೆ. ಇವರು ಯಾರು, ಎಲ್ಲಿಂದ ಬಂದರು, ಏನು ಕೆಲಸ ಮಾಡುತ್ತಾರೆ ಎಂಬುದಕ್ಕೆ ಅಲ್ಲಿಯವರೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಕೆಲಸದ ಬೆನ್ನಲ್ಲೇ ಮಹಿಳಾ ಮಿಲನ್ ಎಂಬ ಹೆಂಗಸರ ಗುಂಪುಗಳು ಬೆಳೆದವು. ಮುಂದೆ ಇಂಥ ಸ್ವಯಂ ಎಣಿಕೆಯನ್ನು ಬೇರೆ ದೇಶಗಳ ಬಡ ಬಸ್ತಿಗಳವರೂ ಕೈಗೆತ್ತಿಕೊಂಡರು.

ಆದ್ದರಿಂದ ನನಗೆ ಕಾಣುವ ಅಪಾಯ, ಗಾರೆ ಕೆಲಸದ ಸಹೋದರರು ಹೇಳಿದ್ದಕ್ಕಿಂತ ಸ್ವಲ್ಪ ಬೇರೆ. ಪಟ್ಟಿ ಪೊಲೀಸರ ಕೈಗೆ ಹೋಗುವುದು ಒಂದು ಭಯವಾದರೆ, ಪಟ್ಟಿಯ ದಿನಾಂಕವೇ ಗಡಿಯಾಗಿಬಿಡುವುದು ಇನ್ನೊಂದು. ಇಂದು ಬರೆದ ಪಟ್ಟಿಯಲ್ಲಿ ಇಲ್ಲದ, ಮುಂದಿನ ತಿಂಗಳು ಬರುವ ಕುಟುಂಬವನ್ನು ಹೊರಗಿಡಲು ಅದೇ ಕಾಗದವನ್ನು ಬಳಸಲಾಗುತ್ತದೆ. ಗುಳೆಯ ಜನ ವರ್ಷಕ್ಕೆರಡು ಸಲ ಬದಲಾಗುವ ಜಾಗದಲ್ಲಿ ಇದು ಸಣ್ಣ ವಿಷಯವಲ್ಲ.

ವೈಟ್‌ಫೀಲ್ಡ್ ಅಪಾರ್ಟ್‌ಮೆಂಟ್ ನಿವಾಸಿ

ಎಲ್ಲರ ಬರಹವನ್ನೂ ಓದಿದೆ. ಕಠಿಣವಾಗಿ ಕಾಣಬಹುದಾದರೂ ಒಂದು ಪ್ರಶ್ನೆ ಕೇಳಲೇಬೇಕಿದೆ. ರಾಜಕಾಲುವೆಯ ಪಕ್ಕದಲ್ಲಿ, ಕೆರೆಯಂಗಳದಲ್ಲಿ ಶೆಡ್ಡು ಹಾಕಿಸಿ, ನೀರು ಬಂದಾಗಲೆಲ್ಲ ಸಾರ್ವಜನಿಕ ಹಣದಿಂದ ಪರಿಹಾರ ಕೊಡುತ್ತಾ ಹೋದರೆ, ಅಂಥ ಜಾಗವನ್ನು ಬಾಡಿಗೆಗೆ ಕೊಡುವ ಮಾಲೀಕರಿಗೇ ಅನುಕೂಲ ಮಾಡಿದಂತಲ್ಲವೇ?

ನಿವೃತ್ತ ಕಂದಾಯ ನೌಕರ

ಸ್ವಾಮಿ, ಅದೇ ಮಳೆಯಲ್ಲಿ ಜಲಾವೃತವಾದ ವಿಲ್ಲಾಗಳಲ್ಲಿ ಕೆಲವು ರಾಜಕಾಲುವೆಯ ಜಾಗಕ್ಕೇ ಚಾಚಿಕೊಂಡಿವೆ ಎಂದು ಆಮೇಲಿನ ಅಳತೆಯಲ್ಲಿ ಕಂಡುಬಂತು. ಹಾಗಿದ್ದರೂ ಅಲ್ಲಿಯ ಜನರನ್ನು ದೋಣಿಯಲ್ಲಿ ಕರೆತರಲು ಯಾರೂ ಹಿಂದೆಮುಂದೆ ನೋಡಲಿಲ್ಲ, ನೋಡಬಾರದು ಕೂಡ. ಪರಿಹಾರ ಭೂಮಿಯ ಹಕ್ಕಿಗೆ ಕೊಡುವುದಲ್ಲ, ಹೋದ ಪಾತ್ರೆ ಬಟ್ಟೆಗಳಿಗೆ ಕೊಡುವುದು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 61ನೇ ಕಲಮು ಲಿಂಗ, ಜಾತಿ, ಸಮುದಾಯ, ಮೂಲ, ಧರ್ಮದ ಆಧಾರದಲ್ಲಿ ಪರಿಹಾರದಲ್ಲಿ ಭೇದ ಮಾಡಬಾರದೆಂದು ಹೇಳುತ್ತದೆ. ಬಾಂಗ್ಲಾದೇಶಿ ಎಂಬ ಗುಸುಗುಸು ಕೇಳಿ ಊಟದ ಪೊಟ್ಟಣ ತಡೆಯುವವರು ಇದನ್ನು ಓದಬೇಕು. ಮಾಲೀಕರ ಜವಾಬ್ದಾರಿಯ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ಮಾಲೀಕರಿಗೇ ಕೇಳೋಣ.

ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ

ದೊಡ್ಡವರ ಲೆಕ್ಕವೇ ನಡೆಯುತ್ತಿದೆ. ಮಕ್ಕಳ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ದೀರ್ಘವಾದರೆ ಕ್ಷಮಿಸಿ.

ನೀರು ಇಳಿದ ಮೂರನೆಯ ದಿನದಿಂದ ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗಲೇಬೇಕು, ಏಕೆಂದರೆ ಕೆಲಸವಿಲ್ಲದ ಆ ಎರಡು ದಿನಗಳೇ ಸಾಲವಾಗಿರುತ್ತವೆ. ಶೆಡ್ಡಿನ ಒಳಗೆ ಕೆಸರು, ಹೊರಗೆ ಇನ್ನೂ ನಿಂತ ನೀರು, ಹೊಂಡ ಯಾವುದು ನೆಲ ಯಾವುದು ತಿಳಿಯದು. ಮೇಲೆ ಜೋತಾಡುವ ವಿದ್ಯುತ್ ತಂತಿಗಳು ಬೇರೆ. ಆ ಸೆಪ್ಟೆಂಬರಿನಲ್ಲೇ ವೈಟ್‌ಫೀಲ್ಡ್ ಕಡೆ ನೀರು ತುಂಬಿದ ರಸ್ತೆಯಲ್ಲಿ ಯುವತಿಯೊಬ್ಬಳು ಕಂಬ ಹಿಡಿದು ವಿದ್ಯುತ್ ತಗುಲಿ ತೀರಿಕೊಂಡಳು. ಇಂಥ ಜಾಗದಲ್ಲಿ ಮೂರು ವರ್ಷದ ಮಗುವನ್ನು ಒಂಬತ್ತು ವರ್ಷದ ಅಕ್ಕನ ಸೊಂಟಕ್ಕೆ ಏರಿಸಿ ತಾಯಿ ಕೆಲಸಕ್ಕೆ ಹೋಗುತ್ತಾಳೆ. ಆ ಅಕ್ಕ ಮತ್ತೆ ಶಾಲೆಗೆ ಹೋಗುವುದು ಯಾವಾಗ ಎಂದು ಯಾರೂ ಕೇಳುವುದಿಲ್ಲ. ನಾನು ಕಂಡಂತೆ ನೆರೆಯ ನಂತರ ಶಾಲೆ ಬಿಟ್ಟ ಮಕ್ಕಳಲ್ಲಿ ಇಂಥ ಹಿರಿಯ ಹೆಣ್ಣುಮಕ್ಕಳೇ ಹೆಚ್ಚು.

ಆದ್ದರಿಂದ ಬಟ್ಟೆ ಹಂಚುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸವೆಂದರೆ ಹಗಲು ಹೊತ್ತು ಮಕ್ಕಳು ಇರಲು ಎತ್ತರದ, ಒಣಗಿದ ಒಂದು ಜಾಗ ಹುಡುಕುವುದು. ಕಲ್ಯಾಣ ಮಂಟಪವಾಗಲಿ, ದೇವಸ್ಥಾನದ ಪ್ರಾಂಗಣವಾಗಲಿ, ಮಸೀದಿಯ ಜಗುಲಿಯಾಗಲಿ, ಅಪಾರ್ಟ್‌ಮೆಂಟಿನ ಸಭಾಂಗಣವಾಗಲಿ ಆದೀತು. ಶೆಡ್ಡಿನ ಇಬ್ಬರು ತಾಯಂದಿರನ್ನೇ ಅಲ್ಲಿ ನೋಡಿಕೊಳ್ಳಲು ಇರಿಸಿ, ಅವರು ಕಳೆದುಕೊಳ್ಳುವ ದಿನಗೂಲಿಯನ್ನು ದಾನಿಗಳು ಕೊಡಬೇಕು. ಹೊರಗಿನಿಂದ ಬಂದ ಹುಡುಗರು ಎರಡು ದಿನ ಆಟವಾಡಿಸಿ, ಫೋಟೊ ತೆಗೆದುಕೊಂಡು ಹೋದರೆ ಮೂರನೆಯ ದಿನ ಮಕ್ಕಳು ಅದೇ ನೀರಿನ ಹತ್ತಿರ ಇರುತ್ತಾರೆ. ಪರಿಚಯವಿಲ್ಲದವರ ಜೊತೆ ಮಗುವನ್ನು ಕಳಿಸದಿರುವುದು, ಸಂಜೆ ಯಾರ ಮಗುವನ್ನು ಯಾರು ಕರೆದೊಯ್ದರೆಂದು ಬರೆದಿಡುವುದು ಕಡ್ಡಾಯವಾಗಬೇಕು. ಮಗು ಕಾಣೆಯಾದರೆ ಅಥವಾ ಯಾರದಾದರೂ ನಡತೆ ಅನುಮಾನ ಹುಟ್ಟಿಸಿದರೆ 1098ಕ್ಕೆ ಕರೆ ಮಾಡಬೇಕೆಂದು ದೊಡ್ಡ ಅಕ್ಷರದಲ್ಲಿ ಗೋಡೆಗೆ ಬರೆಯಿರಿ.

ಇನ್ನು ಅಂಗನವಾಡಿ. ವಿಳಾಸ ಬೇರೆ ಜಿಲ್ಲೆಯದಾದರೂ, ಬೇರೆ ರಾಜ್ಯದ್ದಾದರೂ, ಆರು ತಿಂಗಳಿಂದ ಆರು ವರ್ಷದವರೆಗಿನ ಮಗುವಿಗೆ, ಗರ್ಭಿಣಿಗೆ, ಬಾಣಂತಿಗೆ ಅವರು ವಾಸವಿರುವ ಜಾಗದ ಅಂಗನವಾಡಿಯಲ್ಲೇ ಪೌಷ್ಟಿಕ ಆಹಾರ ಸಿಗಬೇಕು. ಆದರೆ ಕಾರ್ಯಕರ್ತೆಯ ವ್ಯಾಪ್ತಿಯ ಸಮೀಕ್ಷೆಯಲ್ಲಿ ಆ ಶೆಡ್ಡುಗಳು ಇಲ್ಲದಿದ್ದರೆ ಆಹಾರ ಸಾಮಗ್ರಿ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಆಕೆಯನ್ನು ದೂರಿ ಪ್ರಯೋಜನವಿಲ್ಲ. ನೀವು ಹೇಳುವ ಪಟ್ಟಿಯಲ್ಲಿ ಮಕ್ಕಳ ವಯಸ್ಸು ಮತ್ತು ಗರ್ಭಿಣಿಯರ ತಿಂಗಳು ಇದ್ದು, ಅದನ್ನು ಮಳೆಗಾಲಕ್ಕೆ ಮೊದಲೇ ಆಕೆಗೆ ಕೊಟ್ಟರೆ ಅರ್ಧ ಕೆಲಸ ಆದಂತೆ.

ತಾಯಿ ಕಾರ್ಡಿನ ವಿಷಯ ಮರೆಯಬೇಡಿ. ಮಗುವಿಗೆ ಯಾವ ಚುಚ್ಚುಮದ್ದು ಆಗಿದೆ, ಯಾವುದು ಬಾಕಿ ಎಂಬುದು ಅದರಲ್ಲಿರುತ್ತದೆ. ಮೊದಲು ನೆನೆದು ಹಾಳಾಗುವುದೂ ಅದೇ, ಏಕೆಂದರೆ ಅದನ್ನು ಹಾಸಿಗೆಯ ಕೆಳಗೆ ಇಟ್ಟಿರುತ್ತಾರೆ. ಪ್ರತಿ ಮನೆಯ ತಾಯಿ ಕಾರ್ಡಿನ ಎಲ್ಲ ಪುಟಗಳನ್ನೂ ಆ ಮನೆಯವರ ಮೊಬೈಲಿನಲ್ಲೇ ಫೋಟೊ ತೆಗೆದಿಟ್ಟುಕೊಳ್ಳುವಂತೆ ಹೇಳಿ, ಇನ್ನೊಂದು ಪ್ರತಿ ಊರಿನ ಸಂಬಂಧಿಕರ ಮೊಬೈಲಿಗೆ ಹೋಗಲಿ.

ಶಾಲೆಗೆ ಹೋಗುವ ಮಕ್ಕಳ ಪುಸ್ತಕ, ಸಮವಸ್ತ್ರ ಹೋಗಿದ್ದರೆ ಮುಖ್ಯಶಿಕ್ಷಕರಿಗೆ ಲಿಖಿತವಾಗಿ ಕೊಡಿ. ಹೆಚ್ಚುವರಿ ಪುಸ್ತಕ ಬೇರೆ ಶಾಲೆಗಳಲ್ಲಿ ಉಳಿದಿರುತ್ತವೆ, ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿಆರ್‌ಪಿ ಮನಸ್ಸು ಮಾಡಿದರೆ ತರಿಸಿಕೊಡಬಲ್ಲರು. ಜಾಗ ಬಿಟ್ಟು ಬೇರೆ ಬಡಾವಣೆಗೆ ಹೋಗಬೇಕಾಗಿ ಬಂದವರು ವರ್ಗಾವಣೆ ಪತ್ರ ಇಲ್ಲವೆಂದು ಮಗುವನ್ನು ಮನೆಯಲ್ಲಿ ಕೂರಿಸುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ವರ್ಗಾವಣೆ ಪತ್ರ ತಡವಾಯಿತೆಂದು ತಡೆಯುವಂತೆಯೂ ಇಲ್ಲ. ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸ್ಯಾಟ್ಸ್ ಸಂಖ್ಯೆ ಒಂದು ಗೊತ್ತಿದ್ದರೆ ಹೊಸ ಶಾಲೆಯವರಿಗೂ ಸುಲಭ. ಆ ಸಂಖ್ಯೆ ತಂದೆತಾಯಿಗೆ ಗೊತ್ತಿರುವುದು ಬಹಳ ಅಪರೂಪ, ಆದ್ದರಿಂದ ಈಗಲೇ ಶಾಲೆಯಿಂದ ಕೇಳಿ ಬರೆದುಕೊಳ್ಳಿ. ಬಂಗಾಳಿ ಮಾತಾಡುವ ಮಕ್ಕಳಿಗೆ ಇದೂ ಸಾಲದು. ಅವರಿಗೆ ಕನ್ನಡ ಕಲಿಸಿ ತರಗತಿಗೆ ಸೇರಿಸುವ ಸೇತುಬಂಧದ ವ್ಯವಸ್ಥೆ ಬೇಕು, ಅದು ನೆರೆಯ ವಾರದಲ್ಲಿ ಮುಗಿಯುವ ಕೆಲಸವಲ್ಲ.

ಸಮುದಾಯ ಆರೋಗ್ಯ ಶುಶ್ರೂಷಕಿ

ಮೇಲ್ವಿಚಾರಕಿ ಅಮ್ಮನವರ ಮಾತಿಗೆ ಆರೋಗ್ಯದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. 2022ರಲ್ಲಿ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯ ಪಂಪ್‌ಹೌಸಿಗೇ ನೀರು ನುಗ್ಗಿ ಬೆಂಗಳೂರಿನ ಕಾವೇರಿ ನೀರು ಪೂರೈಕೆ ನಿಂತಿತ್ತು. ಸುತ್ತ ನೀರಿದ್ದರೂ ಕುಡಿಯಲು ಹನಿಯಿಲ್ಲದ ಸ್ಥಿತಿ ಅದು. ಟ್ಯಾಂಕರನ್ನೇ ನಂಬಿದ ಶೆಡ್ಡುಗಳಿಗೆ ಟ್ಯಾಂಕರೂ ಬರಲಾರದು. ನೀರು ಕುದಿಸಿ ಕುಡಿಯಿರಿ ಎಂದು ಹೇಳಿ ಬರುವುದು ಸುಲಭ, ಸೌದೆಯೆಲ್ಲ ನೆನೆದವರು ಕುದಿಸುವುದು ಯಾವುದರಿಂದ? ಕ್ಲೋರಿನ್ ಮಾತ್ರೆಗಳನ್ನು ಮೊದಲೇ ತಂದಿಟ್ಟು, ಪೊಟ್ಟಣದ ಮೇಲಿನ ಪ್ರಮಾಣವನ್ನು ಅವರ ಮನೆಯ ಬಿಂದಿಗೆಯ ಅಳತೆಯಲ್ಲಿ ತೋರಿಸಿಕೊಡಿ.

ಭೇದಿ ಹತ್ತಿದ ಮಗುವಿಗೆ ಓಆರ್‌ಎಸ್ ಜೊತೆಗೆ ಸತು ಮಾತ್ರೆ 14 ದಿನ ಕೊಡಬೇಕು. ಭೇದಿ ನಿಂತ ಕೂಡಲೇ ಮಾತ್ರೆಯನ್ನೂ ನಿಲ್ಲಿಸುತ್ತಾರೆ, ಅದು ಸರಿಯಲ್ಲ. ಕೆಸರಿನಲ್ಲಿ ಬರಿಗಾಲಲ್ಲಿ ನಿಂತು ಕಸ ವಿಂಗಡಿಸುವವರಿಗೆ ಇಲಿಜ್ವರದ ಅಪಾಯವಿದೆ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಾಗುವುದು ಕಂಡರೆ ಮಾತ್ರೆ ಅಂಗಡಿಗೆ ಹೋಗದೆ ಸರ್ಕಾರಿ ಆರೋಗ್ಯ ಕೇಂದ್ರಕ್ಕೇ ಕರೆದುಕೊಂಡು ಹೋಗಿ.

ವೈಟ್‌ಫೀಲ್ಡ್ ಅಪಾರ್ಟ್‌ಮೆಂಟ್ ನಿವಾಸಿ

ನಿವೃತ್ತ ಅಧಿಕಾರಿಗಳ ಉತ್ತರವನ್ನು ಒಪ್ಪುತ್ತೇನೆ. ನಮ್ಮ ಸಂಕೀರ್ಣದಲ್ಲಿ ಇನ್ನೂರಕ್ಕೂ ಹೆಚ್ಚು ಮನೆಗಳಿವೆ. ಮಳೆ ಬಂದಾಗಲೆಲ್ಲ ಹಳೆಯ ಬಟ್ಟೆಗಳ ರಾಶಿ ಬೀಳುತ್ತದೆ. ನಿಜವಾಗಿ ಏನು ಬೇಕು ಎಂದು ಯಾರಾದರೂ ಸ್ಪಷ್ಟವಾಗಿ ಹೇಳಿದರೆ ಅದನ್ನೇ ತರಿಸುವ ಪ್ರಯತ್ನ ಮಾಡಬಹುದು.

ಗಾರೆ ಕೆಲಸದವ, ಯಾದಗಿರಿ ಜಿಲ್ಲೆ

ಕೇಳಿದ್ದಕ್ಕೆ ಸಂತೋಷ, ಸರ್. ಮೊದಲನೆಯದು ದಪ್ಪ ಟಾರ್ಪಾಲು ಮತ್ತು ಹಗ್ಗ. ಎರಡನೆಯದು ಒಲೆ. ಅಕ್ಕಿ ಬೇಳೆ ಎಷ್ಟು ಕೊಟ್ಟರೂ ಬೇಯಿಸಲು ಬೆಂಕಿ ಇಲ್ಲದಿದ್ದರೆ ಅದು ಮೂಟೆಯಲ್ಲೇ ಮುಗ್ಗುತ್ತದೆ. ಐದು ಕೆ.ಜಿ.ಯ ಸಣ್ಣ ಸಿಲಿಂಡರು ವಿಳಾಸದ ದಾಖಲೆ ಇಲ್ಲದೆ, ಬರಿಯ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ನಾಲ್ಕು ಮನೆಗೆ ಒಂದರಂತೆ ಕೊಡಿಸಿದರೂ ಸಾಕು. ಬ್ರೆಡ್ಡು, ಬಿಸ್ಕತ್ತು ಮೊದಲ ದಿನಕ್ಕೆ ಸರಿ. ನಮ್ಮವರಿಗೆ ಜೋಳದ ಹಿಟ್ಟು ಕೊಟ್ಟರೆ ಅವರೇ ರೊಟ್ಟಿ ಬಡಿದುಕೊಳ್ಳುತ್ತಾರೆ, ಬಂಗಾಳದವರಿಗೆ ಕುಸುಬಲಕ್ಕಿ ಆಗಬೇಕು. ಹೆಂಗಸರಿಗೆ ಒಳಬಟ್ಟೆ, ಮುಟ್ಟಿನ ಬಟ್ಟೆ, ರಾತ್ರಿ ಶೌಚಕ್ಕೆ ಹೋಗಲು ಬ್ಯಾಟರಿ. ಇದನ್ನು ನಮ್ಮ ಮನೆಯವಳು ಹೇಳಿ ಬರೆಸಿದಳು.

ನಮ್ಮ ಹಿಂದಿನ ಸಾಲಿನ ಕಸದವರ ಕಷ್ಟ ಬೇರೆಯೇ ಇದೆ. ವಾರಗಟ್ಟಲೆ ಆಯ್ದು, ವಿಂಗಡಿಸಿ, ಚೀಲ ಕಟ್ಟಿಟ್ಟ ಮಾಲು ಒಂದೇ ರಾತ್ರಿಯಲ್ಲಿ ತೇಲಿ ಹೋಗುತ್ತದೆ, ನೆನೆದ ರಟ್ಟನ್ನು ಯಾರೂ ಕೊಳ್ಳುವುದಿಲ್ಲ. ಗೋದಾಮಿನವರ ಬಳಿ ಮುಂಗಡ ತೆಗೆದುಕೊಂಡಿರುತ್ತಾರೆ. ಕೈಮಗ್ಗದವರಿಗೆ, ಕರಕುಶಲದವರಿಗೆ ಪರಿಹಾರದ ಬಾಬತ್ತು ಇದೆಯಂತೆ, ಇವರಿಗೆ ಇಲ್ಲ. ಅವರಿಗೆ ಬೇಕಾಗಿರುವುದು ನಗದು, ಅದೂ ಹೆಂಗಸರ ಕೈಗೆ.

ಮುನ್ನೇಕೊಳಾಲ ನಿವಾಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಕೃತಜ್ಞತೆಗಳು. ಸಹೋದರರ ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋಗುವುದು ಸರಿಯಲ್ಲ. ನನ್ನ ಸಲಹೆ ಇದು: ಒಂದರ ಬದಲು ಎರಡು ಕಾಗದಗಳಿರಲಿ.

ಹೊರಗೆ ತೋರಿಸುವ ಹಾಳೆಯಲ್ಲಿ ಸಾಲು, ಶೆಡ್ಡಿನ ಸಂಖ್ಯೆ, ಒಟ್ಟು ಜನ, ಮಕ್ಕಳ ವಯಸ್ಸು, ಗರ್ಭಿಣಿ ಬಾಣಂತಿಯರು, ನಡೆಯಲಾಗದ ಹಿರಿಯರು, ಇಷ್ಟೇ. ಹೆಸರಿಲ್ಲ, ಊರಿಲ್ಲ, ಧರ್ಮವಿಲ್ಲ, ಆಧಾರ್ ಇಲ್ಲ. ಊಟ, ಟಾರ್ಪಾಲು, ಔಷಧಿ ಹಂಚಲು, ಅಂಗನವಾಡಿಗೆ ಮನವಿ ಕೊಡಲು ಇದು ಧಾರಾಳವಾಗಿ ಸಾಕು, ಬೇರೆಯವರ ಕೈಗೆ ಹೋದರೂ ಯಾರನ್ನೂ ಹಿಡಿದುಕೊಡುವುದಿಲ್ಲ. ಎರಡನೆಯದು ಪ್ರತಿ ಮನೆಗೆ ಒಂದು ಚೀಟಿ: ಹೆಸರುಗಳು, ದಾಖಲೆಗಳ ಪ್ರತಿ, ಸ್ಯಾಟ್ಸ್ ಸಂಖ್ಯೆ, ತಾಯಿ ಕಾರ್ಡು. ಇದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಆ ಮನೆಯವರೇ ಇಟ್ಟುಕೊಳ್ಳಲಿ. ನಮ್ಮಂಥ ಸ್ವಯಂಸೇವಕರ ಲ್ಯಾಪ್‌ಟಾಪಿನಲ್ಲಾಗಲಿ, ವಾಟ್ಸ್‌ಆಪ್ ಗುಂಪಿನಲ್ಲಾಗಲಿ ಅದು ಇರಕೂಡದು. ಮಹಜರಿಗೆ ಅಧಿಕಾರಿ ಬಂದಾಗ ಲಕೋಟೆ ತೆರೆಯಬೇಕೋ ಬೇಡವೋ ಎಂಬುದನ್ನು ಆ ಕುಟುಂಬವೇ ತೀರ್ಮಾನಿಸುತ್ತದೆ.

ಮುಂಬೈಯವರು ಹೇಳಿದ ಗಡಿಯ ಭಯಕ್ಕೆ, ಮೊದಲ ಹಾಳೆಯನ್ನು ಪ್ರತಿ ತಿಂಗಳೂ ಹೊಸದಾಗಿ ಬರೆದು ಹಳೆಯದನ್ನು ಹರಿದು ಹಾಕುವುದೊಂದೇ ದಾರಿ ಎಂದು ತೋರುತ್ತದೆ. ಕೆಲಸ ಹೆಚ್ಚು, ಆದರೆ ಸಾಲಿಗೊಬ್ಬ ಹೆಣ್ಣುಮಗಳು ಹೊಣೆ ಹೊತ್ತರೆ ಅದು ಒಂದು ಗಂಟೆಯ ಮಾತು. ಮಾಲೀಕರ ಸಮಸ್ಯೆಗೆ ಮಾತ್ರ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಒಬ್ಬೊಬ್ಬರೇ ಅರ್ಜಿ ಕೊಡುವ ಬದಲು ಇಡೀ ಸಾಲಿನವರು ಒಂದೇ ಅರ್ಜಿಯಲ್ಲಿ ಸಹಿ ಮಾಡಿದರೆ ಒಬ್ಬನನ್ನು ಆರಿಸಿ ಹೊರಹಾಕುವುದು ಕಷ್ಟವಾದೀತು ಎಂಬುದಷ್ಟೇ ನನಗೆ ಹೊಳೆದದ್ದು.

ಮುಂಬೈ ಕನ್ನಡಿಗ

ಎರಡು ಕಾಗದದ ಕ್ರಮ ಒಪ್ಪಿಗೆಯಾಗುವಂತಿದೆ. ಆದರೆ ಹಳೆಯ ಹಾಳೆಯನ್ನು ಹರಿದು ಹಾಕಬೇಡಿ. ಈ ಜಾಗದಲ್ಲಿ ಇಂತಿಷ್ಟು ಕುಟುಂಬಗಳು ವರ್ಷಗಳಿಂದ ಇದ್ದವು ಎಂಬುದಕ್ಕೆ ನಾಳೆ ನ್ಯಾಯಾಲಯದಲ್ಲಿ ತೋರಿಸಲು ಅದೇ ಬೇಕಾಗುತ್ತದೆ. ಹೆಸರಿಲ್ಲದ ಹಾಳೆ ತಾನೆ, ಒಬ್ಬ ನಂಬಿಕಸ್ಥ ವಕೀಲರ ಬಳಿ ಇಡಿ.

ಗಾರೆ ಕೆಲಸದವ, ಯಾದಗಿರಿ ಜಿಲ್ಲೆ

ಇದಾದರೆ ನಮ್ಮ ಸಾಲಿನವರು ಒಪ್ಪಬಹುದು, ಅಕ್ಕಾ. ಆದರೆ ಬರೆಯಲು ಬರುವವರು ಭಾನುವಾರ ಮಧ್ಯಾಹ್ನ ಬರಬೇಕು, ಉಳಿದ ದಿನ ಮನೆಯಲ್ಲಿ ಯಾರೂ ಸಿಗುವುದಿಲ್ಲ. ನಮ್ಮ ಕಡೆಯ ಮನೆಗಳನ್ನು ನನ್ನ ಮಗಳೇ ಬರೆಯುತ್ತಾಳೆ, ಎಂಟನೆಯ ತರಗತಿಯಲ್ಲಿದ್ದಾಳೆ, ಅಕ್ಷರ ದುಂಡಗಿದೆ. ಹಿಂದಿನ ಸಾಲಿಗೆ ಬಂಗಾಳಿ ಬಲ್ಲ ಹೆಂಗಸೊಬ್ಬರು ಜೊತೆಗೆ ಬೇಕು. ಗಂಡಸರು ಹೋದರೆ ಅಲ್ಲಿ ಬಾಗಿಲು ತೆರೆಯುವುದಿಲ್ಲ. ಅಂಥವರು ನಿಮಗೆ ಯಾರಾದರೂ ಗೊತ್ತೇ?

ಸಮುದಾಯ ಆರೋಗ್ಯ ಶುಶ್ರೂಷಕಿ

ನಮ್ಮ ಜೊತೆ ಕೆಲಸ ಮಾಡುವ ಆಶಾ ಕಾರ್ಯಕರ್ತೆಯೊಬ್ಬರಿಗೆ ಆ ಭಾಷೆ ಅಲ್ಪಸ್ವಲ್ಪ ಬರುತ್ತದೆ, ಆ ಸಾಲಿನ ಬಾಣಂತಿಯರಿಗೆ ಅವರ ಪರಿಚಯವೂ ಇದೆ. ಕೇಳಿ ನೋಡಿ ನಾಳೆ ಸಂಜೆಯೊಳಗೆ ಇಲ್ಲಿಯೇ ತಿಳಿಸುತ್ತೇನೆ. ಲಕೋಟೆಗಳು ಎಷ್ಟು ಬೇಕಾಗುತ್ತವೆ ಎಂಬುದನ್ನು ಯಾರಾದರೂ ಅಂದಾಜು ಮಾಡಿ ಹೇಳಿ. ನೀರು ಇಳಿಯದಂಥ, ಬಾಯಿ ಒತ್ತಿ ಮುಚ್ಚುವಂಥದ್ದೇ ಆಗಬೇಕು.